ಮಗ್ರಿಬ್ ಆದೊಡನೆ ಹಳದಿಯಾಗುವ ಮೊಬೈಲು



ಈ ಸಲ ಒಂದು ಹೊಸ ಮೊಬೈಲಿನ ವಿಷಯ ಹೇಳುತ್ತೇನೆ. ಹಿಂದೆ ನನ್ನ ಬಳಿ ಓದಿದ ಹುಡುಗಿಯೊಬ್ಬಳು ಈಗ ನಮ್ಮ ನೆರೆಮನೆಯ ಸೊಸೆ. ಗಂಡ ತೋಟದ ಕೆಲಸಕ್ಕೆ ಹೋಗುತ್ತಾನೆ, ಇವಳು ಮನೆಯಲ್ಲಿ ಹೊಲಿಗೆ ಮಾಡುತ್ತಾಳೆ. ಒಂದು ವರ್ಷ ಹೊಲಿಗೆಯ ಹಣ ಕೂಡಿಸಿ ಹದಿನಾಲ್ಕು ಸಾವಿರ ಕೊಟ್ಟು ಮೊಬೈಲ್ ತಂದಳು. ಮಾತಾಡುವುದಕ್ಕಿಂತ ಹೆಚ್ಚಾಗಿ ಅದು ಅವಳ ಕೆಲಸಕ್ಕೇ ಬೇಕು. ಗಿರಾಕಿಗಳು ಬಟ್ಟೆಯ ಫೋಟೋ ವಾಟ್ಸಾಪಿನಲ್ಲಿ ಕಳಿಸುತ್ತಾರೆ. ಅದನ್ನು ನೋಡಿ ಇವಳು ನೂಲು, ಲೈನಿಂಗ್, ಲೇಸ್ ತರಿಸುತ್ತಾಳೆ.

ಮೊಬೈಲ್ ತಂದು ನಾಲ್ಕು ದಿನವಾಗಿರಲಿಲ್ಲ, ಅಳುಮುಖ ಮಾಡಿಕೊಂಡು ಬಂದಳು.

"ಟೀಚರ್, ನಾನು ಮೋಸ ಹೋದೆ. ಈ ಮೊಬೈಲಿನ ಸ್ಕ್ರೀನ್ ಹಳದಿ."

ನಿಕಾಹ್ ಇದ್ದ ಮನೆಯವರು ಮದುಮಗಳ ದುಪಟ್ಟಾದ ಫೋಟೋ ಕಳಿಸಿದ್ದರಂತೆ. ಇವಳ ಕಣ್ಣಿಗೆ ಕೆನೆಬಣ್ಣ ಕಂಡಿದೆ, ಕೆನೆಬಣ್ಣದ ಲೇಸನ್ನೇ ತರಿಸಿದ್ದಾಳೆ. ಬಟ್ಟೆ ಕೈಗೆ ಬಂದಾಗ ನೋಡಿದರೆ ಹಾಲಿನಂತಹ ಬಿಳಿ! ಲೇಸಿನ ಆರುನೂರು ರೂಪಾಯಿ ಹೋಯಿತು. ಅದಕ್ಕಿಂತ ಹೆಚ್ಚಾಗಿ, "ಇವಳಿಗೆ ಬಣ್ಣವೇ ಗೊತ್ತಾಗುವುದಿಲ್ಲ" ಎಂಬ ಮಾತು ಬಂತು. ಹೊಲಿಗೆ ಮಾಡುವವಳಿಗೆ ಆ ಮಾತು ಬಂದರೆ ಮುಂದಿನ ಗಿರಾಕಿ ಬರುವುದಿಲ್ಲ.

ಮೊಬೈಲ್ ಅಂಗಡಿಗೆ ಹೋದರೆ ಅಂಗಡಿಯವನು ನೋಡಿ, "ಅಕ್ಕಾ, ಇದು ಸರಿಯಾಗಿಯೇ ಇದೆ, ಬಿಳಿಯೇ ಕಾಣುತ್ತದೆ" ಎಂದನಂತೆ. ಇವಳಿಗೆ ಸಿಟ್ಟು ಬಂತು. ಮಾತಿಗೆ ಮಾತು ಬೆಳೆಯಿತು. ಈಗ ಕೂಸನ್ನು ಕಟ್ಟಿಕೊಂಡು ಬಸ್ಸು ಹತ್ತಿ ಕಂಪೆನಿಯ ಸರ್ವಿಸ್ ಸೆಂಟರಿಗೆ ಹೋಗಲು ಹೊರಟಿದ್ದಳು.

ನಮ್ಮ ಕಡೆಯಲ್ಲಿ ಅದು ಸುಲಭವಲ್ಲ. ಕುದುರೆಮುಖದಲ್ಲಿ ಕಬ್ಬಿಣದ ಅದಿರಿನ ಗಣಿ ನಡೆಯುತ್ತಿದ್ದಾಗ ಅಲ್ಲಿನ ಟೌನ್‌ಶಿಪ್ಪಿನಲ್ಲಿ ಶಾಲೆ, ಆಸ್ಪತ್ರೆ, ಅಂಗಡಿ ಎಲ್ಲವೂ ಇದ್ದವು. ಸುಪ್ರೀಂ ಕೋರ್ಟಿನ ಆದೇಶದಂತೆ 2005ರ ಕೊನೆಗೆ ಗಣಿ ನಿಂತಿತು, ಊರೂ ಬರಿದಾಯಿತು. ಈಗ ಸಣ್ಣಪುಟ್ಟದ್ದಕ್ಕೆ ಕಳಸ, ದೊಡ್ಡದಕ್ಕೆ ಚಿಕ್ಕಮಗಳೂರು ಅಥವಾ ಮಂಗಳೂರು. ಘಾಟಿಯ ದಾರಿ, ಮಳೆಗಾಲವಾದರೆ ಹೇಳುವುದೇ ಬೇಡ. ಒಂದು ಸಲ ಹೋಗಿ ಬಂದರೆ ಒಂದು ದಿನದ ದುಡಿಮೆ ಮತ್ತು ಬಸ್ ಚಾರ್ಜು ಹೋದಂತೆಯೇ. ಆದ್ದರಿಂದ ಹೊರಡುವ ಮೊದಲು ಮನೆಯಲ್ಲೇ ಏನೇನು ನೋಡಬಹುದೆಂದು ತಿಳಿದಿರುವುದು ಒಳ್ಳೆಯದು.

ಅವಳು ಬಂದದ್ದು ಬೆಳಿಗ್ಗೆ ಹನ್ನೊಂದಕ್ಕೆ. ನಾನು ನೋಡಿದಾಗಲೂ ಸ್ಕ್ರೀನ್ ಬಿಳಿಯೇ ಇತ್ತು. ಅವಳಿಗೆ ಇನ್ನಷ್ಟು ಸಂಕಟ. "ರಾತ್ರಿ ಬನ್ನಿ ಟೀಚರ್, ತೋರಿಸುತ್ತೇನೆ" ಎಂದಳು. ರಾತ್ರಿ ಹೋದೆ. ಹೌದು, ಹಳೆಯ ಪುಸ್ತಕದ ಹಾಳೆಯಂತೆ ಹಳದಿ! ಅಷ್ಟರಲ್ಲಿ ಮುಸಲ್ಲಾದ ಮೇಲೆ ಕುಳಿತಿದ್ದ ಅವಳ ಅತ್ತೆ ಹೇಳಿದರು: "ಮಗ್ರಿಬ್ ಬಾಂಗ್ ಆಗುವವರೆಗೆ ಅದು ಸರಿಯೇ ಇರ್ತದೆ. ನಾನು ನಮಾಝ್ ಮುಗಿಸಿ ನೋಡುವಾಗ ಹಳದಿ ಆಗಿರ್ತದೆ. ಬೆಳಿಗ್ಗೆ ಮತ್ತೆ ಬಿಳಿ."

ಮೊಬೈಲ್ ಮುಟ್ಟದ ಆ ಹಿರಿಯರು ರೋಗವನ್ನು ಸರಿಯಾಗಿ ಹಿಡಿದಿದ್ದರು. ಸೂರ್ಯ ಮುಳುಗುವಾಗ ಶುರುವಾಗಿ ಸೂರ್ಯ ಹುಟ್ಟುವಾಗ ನಿಲ್ಲುವ ದೋಷ ಗಾಜಿನಲ್ಲಿರಲು ಸಾಧ್ಯವಿಲ್ಲ. ಅದು ಯಾರೋ ಹೊತ್ತು ಗೊತ್ತುಮಾಡಿ ಇಟ್ಟ ಸೆಟ್ಟಿಂಗ್. ಅಂಗಡಿಯವನು ಹಗಲು ನೋಡಿ ಸತ್ಯ ಹೇಳಿದ್ದ, ಇವಳು ರಾತ್ರಿ ನೋಡಿ ಸತ್ಯ ಹೇಳಿದ್ದಳು.

ಈ ಸೆಟ್ಟಿಂಗಿಗೆ ಒಂದೊಂದು ಕಂಪೆನಿ ಒಂದೊಂದು ಹೆಸರಿಟ್ಟಿದೆ. ಕೆಲವು ಆಂಡ್ರಾಯ್ಡ್ ಮೊಬೈಲುಗಳಲ್ಲಿ 'ನೈಟ್ ಲೈಟ್', ಸ್ಯಾಮ್ಸಂಗಿನಲ್ಲಿ 'ಐ ಕಂಫರ್ಟ್ ಶೀಲ್ಡ್', ಶವೋಮಿ ಮತ್ತು ರೆಡ್‌ಮಿಯಲ್ಲಿ 'ರೀಡಿಂಗ್ ಮೋಡ್', ಇನ್ನು ಕೆಲವದರಲ್ಲಿ 'ಐ ಪ್ರೊಟೆಕ್ಷನ್', ಐಫೋನಿನಲ್ಲಿ 'ನೈಟ್ ಶಿಫ್ಟ್'. ಹೆಸರು ಯಾವುದಾದರೂ ಕೆಲಸ ಒಂದೇ: ಪರದೆಯ ನೀಲಿ ಬೆಳಕನ್ನು ತಗ್ಗಿಸುವುದು. ಮೊಬೈಲಿನ ಪರದೆಯ ತುಂಬ ಕೆಂಪು, ಹಸಿರು, ನೀಲಿ ಬಣ್ಣದ ಅತಿ ಸಣ್ಣ ಚುಕ್ಕೆಗಳಿರುತ್ತವೆ. ಮೂರೂ ಸರಿಯಾದ ಪ್ರಮಾಣದಲ್ಲಿ ಬೆಳಗಿದರೆ ನಮಗೆ ಬಿಳಿ ಕಾಣುತ್ತದೆ. ನೀಲಿಯನ್ನು ತಗ್ಗಿಸಿದರೆ ಉಳಿಯುವುದು ಕೆಂಪು ಮತ್ತು ಹಸಿರು. ಆ ಎರಡೂ ಬೆಳಕು ಸೇರಿದರೆ ಹಳದಿ.

ನೆರೆಮನೆಯ ಹುಡುಗ ಒಮ್ಮೆ ಅದನ್ನು ಆಫ್ ಮಾಡಿ ಕೊಟ್ಟಿದ್ದನಂತೆ. ಮರುದಿನ ಸಂಜೆ ಮತ್ತೆ ಹಳದಿ. "ಆಫ್ ಮಾಡಿದರೂ ಬಂತು, ಹಾಗಾದರೆ ಸ್ಕ್ರೀನೇ ಹಾಳು" ಎಂದು ಇವಳು ನಂಬಿಬಿಟ್ಟಿದ್ದಳು. ಇಲ್ಲೇ ಹಲವರು ಎಡವುವುದು. ಮೇಲಿನಿಂದ ಬೆರಳೆಳೆದಾಗ ಬರುವ ಗುಂಡಿಯನ್ನು ಒತ್ತಿದರೆ ಆ ರಾತ್ರಿಗೆ ಮಾತ್ರ ಆಫ್ ಆಗುತ್ತದೆ. ಅದರ ಒಳಗೆ 'ಶೆಡ್ಯೂಲ್' ಎಂಬಲ್ಲಿ 'ಸನ್‌ಸೆಟ್ ಟು ಸನ್‌ರೈಸ್' ಎಂದಿದ್ದರೆ ಮರುದಿನ ತಾನಾಗಿ ಬರುತ್ತದೆ. ಆ ಶೆಡ್ಯೂಲನ್ನೇ ತೆಗೆಯಬೇಕು. ಅದನ್ನು ತೆಗೆದೆವು, ಹಳದಿ ಹೋಯಿತು. ಎರಡು ನಿಮಿಷದ ಕೆಲಸ.

"ಕಣ್ಣಿಗೆ ಒಳ್ಳೆಯದೆಂದು ಇಟ್ಟದ್ದಲ್ಲವೇ ಟೀಚರ್, ತೆಗೆದರೆ ಕಣ್ಣು ಹಾಳಾಗುವುದಿಲ್ಲವೇ?" ಎಂದು ಕೇಳಿದಳು. ಮೊಬೈಲಿನ ನೀಲಿ ಬೆಳಕಿನಿಂದ ಕಣ್ಣು ಕೆಡುತ್ತದೆಂಬುದು ಸಾಬೀತಾಗಿಲ್ಲ, ಅಮೆರಿಕದ ನೇತ್ರತಜ್ಞರ ಅಕಾಡೆಮಿಯೂ ಹೀಗೆಯೇ ಹೇಳುತ್ತದೆ. ಕಣ್ಣು ಉರಿಯುವುದು ಹೆಚ್ಚಾಗಿ ನಾವು ರೆಪ್ಪೆ ಮಿಟುಕಿಸದೆ ನೋಡುವುದರಿಂದ. ಇಪ್ಪತ್ತು ನಿಮಿಷಕ್ಕೊಮ್ಮೆ ತಲೆಯೆತ್ತಿ ಇಪ್ಪತ್ತು ಅಡಿ ದೂರದ ವಸ್ತುವನ್ನು ಇಪ್ಪತ್ತು ಸೆಕೆಂಡ್ ನೋಡಿದರೆ ಕಣ್ಣಿಗೆ ವಿಶ್ರಾಂತಿ. ಹೊಲಿಗೆಗೂ ಇದು ಒಳ್ಳೆಯ ಅಭ್ಯಾಸ. ಮಲಗುವ ಮುನ್ನ ಓದಲು ಹಳದಿ ಬೆಳಕು ಹಿತವೆನಿಸಿದರೆ ಇಟ್ಟುಕೊಳ್ಳಿ. ಬಣ್ಣ ನೋಡುವ ಕೆಲಸವಿದ್ದಾಗ ಮಾತ್ರ ತೆಗೆಯಿರಿ.

ನಿಮ್ಮ ಮೊಬೈಲೂ ಹೀಗಿದ್ದರೆ

ಎಲ್ಲರ ಮೊಬೈಲಿನಲ್ಲೂ ಕಾರಣ ಇದೊಂದೇ ಇರುವುದಿಲ್ಲ. ಒಂದೊಂದಾಗಿ ನೋಡುತ್ತ ಹೋಗಿ.

ಮೊದಲನೆಯದು, ಹೋಲಿಕೆ. ಹಳೆಯ ಮೊಬೈಲಿನ ಪಕ್ಕದಲ್ಲಿಟ್ಟು ಹೊಸದನ್ನು ಹಳದಿ ಎನ್ನಬೇಡಿ. ಹಳೆಯದೇ ನೀಲಿಯಾಗಿದ್ದಿರಬಹುದು, ನಿಮ್ಮ ಕಣ್ಣು ಅದಕ್ಕೆ ಒಗ್ಗಿಹೋಗಿರಬಹುದು. ಹಗಲು ಹೊತ್ತಿನಲ್ಲಿ ಜಗಲಿಯ ನೆರಳಿನಲ್ಲಿ ಕುಳಿತು, ಪರದೆಯಲ್ಲಿ ಬರೇ ಬಿಳಿ ಬರುವಂತೆ ಮಾಡಿ, ಪಕ್ಕದಲ್ಲಿ ಬಿಳಿ ಕಾಗದ ಇಟ್ಟು ನೋಡಿ.

ಎರಡನೆಯದು, ಮೇಲೆ ಅಂಟಿಸಿದ ಗಾಜು. ಕೆಲವು ಸ್ಕ್ರೀನ್ ಗಾರ್ಡುಗಳು, ಅದರಲ್ಲೂ ನೀಲಿ ಬೆಳಕು ತಡೆಯುವವು, ತಾವೇ ಹಳದಿ ಛಾಯೆ ಕೊಡುತ್ತವೆ. ಪಕ್ಕದವರು ನೋಡದಂತೆ ತಡೆಯುವ ಗಾರ್ಡುಗಳು ಪರದೆಯನ್ನು ಮಂಕು ಮಾಡುತ್ತವೆ. ಗಾರ್ಡ್ ತೆಗೆದು ನೋಡಿದರೆ ತಿಳಿಯುತ್ತದೆ.

ಮೂರನೆಯದು, ಬಣ್ಣದ ಸೆಟ್ಟಿಂಗ್. 'ಡಿಸ್‌ಪ್ಲೇ' ಒಳಗೆ 'ಸ್ಕ್ರೀನ್ ಮೋಡ್' ಅಥವಾ 'ಕಲರ್' ಎಂಬುದು ಇರುತ್ತದೆ. 'ನ್ಯಾಚುರಲ್', 'ವಿವಿಡ್' ಎಂದು ಬೇರೆ ಬೇರೆ ಬಗೆ. ಹಲವು ಮೊಬೈಲುಗಳಲ್ಲಿ 'ವಾರ್ಮ್' ಕಡೆಗೋ 'ಕೂಲ್' ಕಡೆಗೋ ಸರಿಸುವ ಗೆರೆಯೂ ಇರುತ್ತದೆ. ವಾರ್ಮ್ ಎಂದರೆ ಹಳದಿ, ಕೂಲ್ ಎಂದರೆ ನೀಲಿ. ಬೆಳಕಿನ ಬಣ್ಣವನ್ನು ಕೆಲ್ವಿನ್ ಎಂಬ ಅಳತೆಯಲ್ಲಿ ಹೇಳುತ್ತಾರೆ. ಹಳೆಯ ಕಾಲದ ಬಲ್ಬಿನ ಹಳದಿ ಬೆಳಕು ಸುಮಾರು 2700, ಹಗಲಿನ ಬೆಳಕು ಸುಮಾರು 6500. ಪರದೆಯ ಬಿಳಿಗೂ 6500 ಎಂಬುದೇ ಮಾದರಿ. ಒಂದೇ ಕಾರ್ಖಾನೆಯಿಂದ ಬಂದ ಎರಡು ಪರದೆಗಳಲ್ಲೂ ಸ್ವಲ್ಪ ವ್ಯತ್ಯಾಸ ಇರಬಹುದು. ಆ ಗೆರೆಯನ್ನು ನೀಲಿ ಕಡೆಗೆ ಕೊಂಚ ಸರಿಸಿದರೆ ಅದು ಸರಿಹೋಗುತ್ತದೆ. ಐಫೋನಿನವರು 'ಟ್ರೂ ಟೋನ್' ಎಂಬುದನ್ನೂ ಆಫ್ ಮಾಡಿ ನೋಡಿ. ಕೋಣೆಯ ಬೆಳಕಿಗೆ ತಕ್ಕಂತೆ ಅದು ಪರದೆಯ ಬಣ್ಣ ಬದಲಿಸುತ್ತದೆ.

ನಾಲ್ಕನೆಯದು, ಮಕ್ಕಳ ಕೈ. 'ಆಕ್ಸೆಸಿಬಿಲಿಟಿ' ಒಳಗೆ ಬಣ್ಣಗುರುಡು ಇರುವವರಿಗಾಗಿ 'ಕಲರ್ ಕರೆಕ್ಷನ್' ಅಥವಾ 'ಕಲರ್ ಫಿಲ್ಟರ್' ಇರುತ್ತದೆ. ಆಟವಾಡುತ್ತ ಮಕ್ಕಳು ಅದನ್ನು ಆನ್ ಮಾಡಿದರೆ ಬಣ್ಣಗಳೆಲ್ಲ ವಿಚಿತ್ರವಾಗುತ್ತವೆ. ರಾತ್ರಿ ಪರದೆ ಕಪ್ಪುಬಿಳುಪಾದರೆ 'ಬೆಡ್‌ಟೈಮ್ ಮೋಡ್' ನೋಡಿ.

ಐದನೆಯದು, ಆರಂಭದ ಪರೀಕ್ಷೆ. ಮೊಬೈಲನ್ನು ಪೂರ್ತಿ ಸ್ವಿಚ್ ಆಫ್ ಮಾಡಿ ಮತ್ತೆ ಆನ್ ಮಾಡಿ. ಮೊದಲು ಕಂಪೆನಿಯ ಹೆಸರು ಬರುತ್ತದಲ್ಲ, ಆ ಹೊತ್ತಿಗೆ ನೀವು ಇಟ್ಟ ಸೆಟ್ಟಿಂಗುಗಳು ಇನ್ನೂ ಕೆಲಸ ಶುರುಮಾಡಿರುವುದಿಲ್ಲ. ಆಗಲೇ ಛಾಯೆ ಕಂಡರೆ, ಒಂದು ಅಂಚು ಮಾತ್ರ ಹಳದಿಯಾಗಿದ್ದರೆ, ಹಸಿರು ಅಥವಾ ಗುಲಾಬಿ ಗೆರೆ ಮೇಲಿನಿಂದ ಕೆಳಗೆ ಎಳೆದಂತೆ ಇದ್ದರೆ, ದೋಷ ಪರದೆಯದ್ದೇ ಇರಬೇಕು.

ಗಿರಾಕಿ ನಿಜವಾಗಿಯೂ ಸರಿ ಇದ್ದಾಗ

ಎಲ್ಲವೂ ನಮ್ಮ ತಪ್ಪೇ ಎಂದು ತಿಳಿಯಬೇಡಿ. 2017ರಲ್ಲಿ ಸ್ಯಾಮ್ಸಂಗ್ ಗ್ಯಾಲಕ್ಸಿ ಎಸ್8 ಬಂದಾಗ ಕೊರಿಯಾದಲ್ಲಿ ಹಲವರು ಪರದೆ ಕೆಂಪಾಗಿದೆ ಎಂದು ದೂರಿದರು. ಕಂಪೆನಿ ಅದು ದೋಷವಲ್ಲ ಎಂದರೂ ಬಣ್ಣ ಸರಿಪಡಿಸಿಕೊಳ್ಳುವ ಅಪ್‌ಡೇಟ್ ಕೊಟ್ಟಿತು. ಅದೇ ವರ್ಷ ಗೂಗಲ್ ಪಿಕ್ಸೆಲ್ 2 ಎಕ್ಸ್ಎಲ್ ಪರದೆಯ ಬಗ್ಗೆ ದೂರು ಬಂದಾಗ ಗೂಗಲ್ ವಾರಂಟಿಯನ್ನು ಎರಡು ವರ್ಷಕ್ಕೆ ಏರಿಸಿತು. 2020ರ ಆಗಸ್ಟಿನಲ್ಲಿ ಆಪಲ್ ಕೆಲವು ಐಫೋನುಗಳ ಹಸಿರು ಛಾಯೆಯನ್ನು ಅಪ್‌ಡೇಟಿನಿಂದಲೇ ಸರಿಪಡಿಸಿತು. ಆದ್ದರಿಂದ ಮೊಬೈಲಿಗೆ ಅಪ್‌ಡೇಟ್ ಬಂದಿದ್ದರೆ ಅದನ್ನೂ ಹಾಕಿ ನೋಡಿ.

ಪರದೆಯದ್ದೇ ದೋಷವೆಂದಾದರೆ ತಡಮಾಡಬೇಡಿ. ಬದಲಿಸಿ ಕೊಡುವ ಅವಧಿ ಬಹಳ ಕಡೆ ಏಳೋ ಹತ್ತೋ ದಿನ ಮಾತ್ರ. ಆಮೇಲೆ ವಾರಂಟಿಯಲ್ಲಿ ರಿಪೇರಿ ಸಿಗಬಹುದು, ಹೊಸದು ಸಿಗುವುದು ಕಷ್ಟ. ಬಿಲ್ ಮತ್ತು ಡಬ್ಬಿ ಜೋಪಾನವಾಗಿಡಿ. ಸ್ಕ್ರೀನ್‌ಶಾಟ್ ತೆಗೆದರೆ ಪರದೆಯ ದೋಷ ಅದರಲ್ಲಿ ಬರುವುದಿಲ್ಲ, ಇನ್ನೊಂದು ಮೊಬೈಲಿನಿಂದ ಫೋಟೋ ತೆಗೆದಿಡಿ. ಬಿಸಿಲಿಗೆ ಇಡುವುದು, ಅಕ್ಕಿಯಲ್ಲಿ ಹೂಳುವುದು, ಸಿಕ್ಕಿದವರ ಕೈಯಲ್ಲಿ ಬಿಚ್ಚಿಸುವುದು ಬೇಡ. ಹಾಗೆ ಬಿಚ್ಚಿಸಿದರೆ ವಾರಂಟಿಯೂ ಕೈತಪ್ಪಬಹುದು.

ಅಂಗಡಿಯವರೂ ಕಂಪೆನಿಯವರೂ ಕೇಳದಿದ್ದರೆ 1915 ಎಂಬ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಕರೆ ಮಾಡಬಹುದು, ಕನ್ನಡದಲ್ಲೂ ಮಾತಾಡಬಹುದು. ಅದರಿಂದಲೂ ಆಗದಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ನೀವು ವಾಸವಿರುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ಕೊಡಬಹುದು. ಐದು ಲಕ್ಷದವರೆಗಿನ ವಸ್ತುವಿಗೆ ಶುಲ್ಕವಿಲ್ಲ, ವಕೀಲರು ಬೇಕೇಬೇಕೆಂದೂ ಇಲ್ಲ.

ಪರದೆಯನ್ನು ನಂಬಬಾರದ ಜಾಗ

ಸಹೋದರಿಯರೇ, ಇದರ ಜೊತೆಗೆ ಒಂದು ಮಾತು ಹೇಳಲೇಬೇಕು. ಬಾಣಂತಿಯರು ಮಗುವಿನ ಫೋಟೋ ಕಳಿಸಿ, "ಮೈ ಹಳದಿ ಇದೆಯೇ ನೋಡಿ" ಎಂದು ತಾಯಿಯನ್ನೋ ಅಕ್ಕನನ್ನೋ ಕೇಳುವುದುಂಟು. ಕಳಿಸಿದವರ ಕೋಣೆಯಲ್ಲಿ ಹಳದಿ ಬಲ್ಬು, ನೋಡುವವರ ಮೊಬೈಲಿನಲ್ಲಿ ನೈಟ್ ಲೈಟ್. ಇದರಿಂದ ಸುಮ್ಮನೆ ಗಾಬರಿಯಾಗಬಹುದು. ಅದಕ್ಕಿಂತ ಅಪಾಯವೆಂದರೆ, ನಿಜವಾಗಿ ಕಾಮಾಲೆ ಇರುವಾಗ "ಏನಿಲ್ಲ, ನನ್ನ ಮೊಬೈಲೇ ಹೀಗೆ" ಎಂದು ಸುಮ್ಮನಾಗಬಹುದು. ಮಗುವನ್ನು ಕಿಟಕಿಯ ಬಳಿ ಹಗಲು ಬೆಳಕಿಗೆ ತನ್ನಿ. ಹಣೆ ಅಥವಾ ಎದೆಯ ಮೇಲೆ ಬೆರಳಿನಿಂದ ಮೆಲ್ಲಗೆ ಒತ್ತಿ ತೆಗೆದಾಗ ಅಲ್ಲಿ ಹಳದಿ ಕಾಣುತ್ತದೆಯೇ ನೋಡಿ. ಹುಟ್ಟಿದ ಮೊದಲ 24 ಗಂಟೆಯೊಳಗೆ ಹಳದಿ ಕಂಡರೆ, ಅಂಗೈ ಅಂಗಾಲಿಗೂ ಹರಡಿದ್ದರೆ, ಮಗು ಹಾಲು ಕುಡಿಯದೆ ಮಂಕಾಗಿದ್ದರೆ ಕೂಡಲೇ ಆಸ್ಪತ್ರೆಗೆ ಒಯ್ಯಿರಿ. ಸಂಶಯವಿದ್ದರೂ ತೋರಿಸಿಯೇ ಬನ್ನಿ. ಕಾಮಾಲೆ ಎಷ್ಟಿದೆ ಎಂಬುದು ರಕ್ತ ಪರೀಕ್ಷೆಯಲ್ಲಿ ತಿಳಿಯುತ್ತದೆ, ಫೋಟೋದಲ್ಲಿ ಅಲ್ಲ.

ನಮ್ಮ ನೆರೆಮನೆಯವಳು ಈಗ ಒಂದು ಕ್ರಮ ಮಾಡಿಕೊಂಡಿದ್ದಾಳೆ. ಫೋಟೋ ಕಳಿಸುವವರಿಗೆ ಮೊದಲೇ ಹೇಳುತ್ತಾಳೆ: "ಹಗಲು ಹೊತ್ತಿನಲ್ಲಿ ತೆಗೆಯಿರಿ, ಬಟ್ಟೆಯ ಪಕ್ಕದಲ್ಲಿ ಒಂದು ಬಿಳಿ ಕಾಗದ ಇಡಿ." ಕಾಗದ ಬಿಳಿಯಾಗಿ ಕಂಡರೆ ಬಟ್ಟೆಯ ಬಣ್ಣವನ್ನೂ ಹೆಚ್ಚುಕಡಿಮೆ ನಂಬಬಹುದು. ಕಾಗದವೇ ಹಳದಿ ಕಂಡರೆ ಬಟ್ಟೆಯ ತುಂಡನ್ನೇ ತರಿಸಿಕೊಳ್ಳುತ್ತಾಳೆ. ಮದುವೆಯ ಬಟ್ಟೆಗಂತೂ ತುಂಡು ಕೈಗೆ ಬಾರದೆ ಲೇಸ್ ತರಿಸುವುದೇ ಇಲ್ಲ.

ಮುಂದಿನ ಸಂತೆಯ ದಿನ ಅವಳು ಅದೇ ಮೊಬೈಲ್ ಅಂಗಡಿಗೆ ಹೋದಳು. ನಾನೂ ಜೊತೆಗಿದ್ದೆ. "ಅಣ್ಣಾ, ಅವತ್ತು ನಾನು ಹಾಗೆ ಮಾತಾಡಬಾರದಿತ್ತು" ಎಂದಳು. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ನಾನೂ ಸಂಜೆ ಒಮ್ಮೆ ನೋಡುತ್ತೇನೆ ಎನ್ನಬಹುದಿತ್ತು ಅಕ್ಕಾ" ಎಂದ. ಆಮೇಲೆ ನಮ್ಮೆದುರೇ ಇನ್ನೊಬ್ಬರಿಗೆ ಮಾರಿದ ಹೊಸ ಮೊಬೈಲನ್ನು ತೆಗೆದುಕೊಂಡು, ಶೆಡ್ಯೂಲ್ ಎಲ್ಲಿದೆಯೆಂದು ಅವರಿಗೆ ತೋರಿಸಿಕೊಟ್ಟ.