ಕೆಡವುವ ಮೊದಲು ಜನರನ್ನು ಕೇಳಿರಿ

ಊರ ನಡುವಿನ ಸರಕಾರಿ ಕಚೇರಿ ಪ್ರಜೆಗಳ ತೆರಿಗೆಯಿಂದ ಎದ್ದ ಕಟ್ಟಡ. ಅದನ್ನು ಕೆಡವಿ ಹೊಸದು ಕಟ್ಟುವ ಮಾತು ಬಂದಾಗ ಪ್ರಜೆಗಳನ್ನು ಮೊದಲು ಕೇಳಬೇಕೆಂಬುದು ನಮ್ಮ ನಿಲುವು.

ಬೆಂಗಳೂರಿನ ಅಠಾರಾ ಕಚೇರಿಯನ್ನು ೧೮೬೮ರಲ್ಲಿ ಹದಿನೆಂಟು ಇಲಾಖೆಗಳಿಗಾಗಿ ಕಟ್ಟಿ ಮುಗಿಸಿದರು. ೧೯೮೦ರ ದಶಕದಲ್ಲಿ ಅದನ್ನು ಕೆಡವಲು ಹೊರಟಾಗ ನಾಗರಿಕರು ನ್ಯಾಯಾಲಯದ ಮೆಟ್ಟಿಲೇರಿದರು. ಕಟ್ಟಡ ಉಳಿಯಿತು, ಇಂದಿಗೂ ಅಲ್ಲಿ ಹೈಕೋರ್ಟು ನಡೆಯುತ್ತಿದೆ. ಜೀರ್ಣವಾದುದನ್ನೆಲ್ಲ ಉಳಿಸಿರೆಂದು ನಾವು ಹೇಳುವುದಿಲ್ಲ. ೨೦೧೨ರಲ್ಲಿ ಮೈಸೂರಿನ ಲ್ಯಾನ್ಸ್‌ಡೌನ್ ಕಟ್ಟಡ ಕುಸಿದು ನಾಲ್ವರು ಸತ್ತರು.

ಈ ಪಾಠ ನಮಗೂ ಬೇಕು. ೧೯೯೭ರಲ್ಲಿ ಜಿಲ್ಲೆಯಾದ ಹಾವೇರಿಗೆ ಜಿಲ್ಲಾಡಳಿತ ಭವನ ಊರ ಹೊರಗೆ ದೇವಗಿರಿಯಲ್ಲಿದೆ. ಕಚೇರಿ ದೂರ ಸರಿದರೆ ಅರ್ಜಿ ಬರೆಯುವವರ, ಚಹಾದಂಗಡಿಯವರ ಗಿರಾಕಿಯೂ ಸರಿಯುತ್ತಾನೆ. ಪಾಳಿ ಬಿಟ್ಟು ಹೋಗುವ ಗಿರಣಿ ಕಾರ್ಮಿಕನ ಕೂಲಿ ಮುರಿಯುತ್ತದೆ. ಖಾಲಿ ಜಾಗದಲ್ಲಿ ಮಳಿಗೆ ಎದ್ದರೆ ಹರಾಜು ಹಣವಂತನ ಪಾಲು.

ಆದಕಾರಣ ಹಾವೇರಿ, ರಾಣೇಬೆನ್ನೂರು, ಬ್ಯಾಡಗಿಗಳಲ್ಲಿ ಇಂಥ ಯಾವ ಯೋಜನೆ ಬಂದರೂ ಟೆಂಡರಿಗೆ ಮೊದಲೇ ನಕ್ಷೆ, ವೆಚ್ಚ, ಬಾಡಿಗೆಯ ಷರತ್ತುಗಳನ್ನು ಕನ್ನಡದಲ್ಲಿ ಪ್ರಕಟಿಸಬೇಕು. ದುಡಿಯುವವರು ಬರುವಂತೆ ಸಭೆಯನ್ನು ಸಂಜೆ ಕರೆಯಬೇಕು. ಹಳೆಯ ಅಂಗಡಿಕಾರರಿಗೆ ಹೊಸ ಮಳಿಗೆಯಲ್ಲಿ ಮೊದಲ ಹಕ್ಕು ಸಿಗಬೇಕು. ಬೀದಿ ವ್ಯಾಪಾರಿಗಳನ್ನು ೩೦ ದಿನಗಳ ನೋಟೀಸಿಲ್ಲದೆ ಎಬ್ಬಿಸಬಾರದೆಂದು ೨೦೧೪ರ ಕಾನೂನೇ ಹೇಳುತ್ತದೆ, ಅದನ್ನು ಪಾಲಿಸಬೇಕು.

ಗುತ್ತಿಗೆ ಕೊಟ್ಟಾದ ಮೇಲೆ ಅಭಿಪ್ರಾಯ ಕೇಳುವುದು ಬರಿಯ ಡಂಗುರ. ಬಂಧುಗಳೇ, ಸಭೆ ಕರೆದರೆ ತಪ್ಪದೆ ಬನ್ನಿರಿ. ಕರೆಯದಿದ್ದರೆ ಎಲ್ಲರೂ ಕೂಡಿ ಹೋಗಿ ಕೇಳೋಣ.