ಎರಡನೇ ಸೂಜಿ ಎಲ್ಲಿ ಹೋಯ್ತು?

"ಸಾಬರು ಮಕ್ಕಳಿಗೆ ಪೋಲಿಯೋ ಹನಿ ಹಾಕಿಸಲ್ಲ, ಮೂಢರು." ಈ ಮಾತನ್ನು ನಾವು ಹೊರಗೂ ಕೇಳಿದ್ದೇವೆ, ನಾಚಿಕೆಯ ವಿಷಯ, ನಮ್ಮವರ ಬಾಯಲ್ಲೂ ಕೇಳಿದ್ದೇವೆ. ನಮ್ಮ ಕೇರಿಗಳನ್ನು ಗಲೀಜು ಅಂದದ್ದೂ ಇಂಥದೇ ನಾಲಿಗೆ. ಆದ್ದರಿಂದ ಬಂಧುಗಳೇ, ಪಾಕಿಸ್ತಾನ-ಆಫ್ಘಾನಿಸ್ತಾನ ಗಡಿಯಲ್ಲಿ ನಡೆದದ್ದೇನು ನೋಡೋಣ.

2011ರಲ್ಲಿ ಅಮೆರಿಕದ ಸಿ.ಐ.ಎ. ಬಿನ್ ಲಾಡೆನ್‌ನನ್ನು ಹುಡುಕಲು ಪಾಕಿಸ್ತಾನದ ಅಬೋಟಾಬಾದಿನಲ್ಲಿ ಒಬ್ಬ ಡಾಕ್ಟರ ಕೈಲಿ ಹೆಪಟೈಟಿಸ್-ಬಿ ಲಸಿಕೆಯ ನಾಟಕ ಆಡಿಸಿತು. ಆ ಲಸಿಕೆ ಮೂರು ಸಲ ಹಾಕಬೇಕಾದ್ದು. ನಿಜ ಅನ್ನಿಸಲಿ ಅಂತ ಮೊದಲು ಬಡವರ ಕೇರಿಯಲ್ಲಿ ಚುಚ್ಚಿದರು. ಎರಡನೇ ಸೂಜಿಯ ಹೊತ್ತಿಗೆ ತಂಡ ಅಲ್ಲಿಂದ ಎದ್ದು ಬಿನ್ ಲಾಡೆನ್ ಅಡಗಿದ್ದ ಬಡಾವಣೆಗೆ ಹೋಯ್ತು. ಬಡವರ ಮಕ್ಕಳು ಬೇಕಾಗಿದ್ದದ್ದು ವೇಷಕ್ಕೆ ಮಾತ್ರ. ಜುಲೈನಲ್ಲಿ ಪತ್ರಿಕೆಗಳು ಇದನ್ನು ಬಯಲು ಮಾಡಿದವು.

ಮರುವರ್ಷ ಗಡಿಯ ವಜೀರಿಸ್ತಾನದಲ್ಲಿ ತಾಲಿಬಾನ್ ಸರದಾರರು, ಡ್ರೋನ್ ದಾಳಿ ನಿಲ್ಲುವ ತನಕ ಹನಿ ಇಲ್ಲ ಅಂತ ಫರ್ಮಾನು ಹೊರಡಿಸಿದರು. ಇವರನ್ನೂ ನಾವು ಬಿಡೋದಿಲ್ಲ. ಅಮೆರಿಕದ ಮೇಲಿನ ಸಿಟ್ಟಿಗೆ ತಮ್ಮ ಕೂಸುಗಳ ಕಾಲನ್ನು ಒತ್ತೆ ಇಡೋದು ಯಾವ ಸೀಮೆಯ ಹೋರಾಟ? ಆ ಡಿಸೆಂಬರಿನಲ್ಲಿ ಕರಾಚಿ, ಪೇಶಾವರಗಳಲ್ಲಿ ಹನಿ ಹಾಕುತ್ತಿದ್ದವರನ್ನು ಗುಂಡಿಟ್ಟು ಕೊಂದರು. ಸತ್ತವರಲ್ಲಿ ಹೆಚ್ಚಿನವರು ದಿನಗೂಲಿಗೆ ಬಂದ ಹೆಣ್ಣುಮಕ್ಕಳು. 2014ರಲ್ಲಿ ಪಾಕಿಸ್ತಾನದ 306 ಮಕ್ಕಳಿಗೆ ಪೋಲಿಯೋ ಬಡಿಯಿತು, ಅರ್ಧಕ್ಕಿಂತ ಹೆಚ್ಚು ಮಕ್ಕಳು ಗಡಿಯ ಬುಡಕಟ್ಟು ಸೀಮೆಯವರು. ಇನ್ನು ಮುಂದೆ ಗೂಢಚಾರಿಕೆಗೆ ಲಸಿಕೆ ಬಳಸಲ್ಲ ಅಂತ ಅಮೆರಿಕ ಕಾಗದ ಬರೆದದ್ದು ಆ ವರ್ಷ. ಕಾಲು ಹೋದ ಮೇಲೆ ಕಾಗದ!

ಈ ಭಯ ನಮಗೆ ಗೊತ್ತಿಲ್ವಾ? 1976ರ ತುರ್ತುಪರಿಸ್ಥಿತಿಯಲ್ಲಿ ಸರ್ಕಾರದ ಜೀಪು ಬಡವರ ಕೇರಿಗೆ ಬಂದದ್ದು ಸಂತಾನಹರಣದ ಆಪರೇಷನ್ನಿಗೆ ತಲೆ ಎಣಿಸಲು. ಮೂವತ್ತು ವರ್ಷದ ಮೇಲೂ ಪಶ್ಚಿಮ ಉತ್ತರ ಪ್ರದೇಶದ ಮುಸ್ಲಿಂ ಮೊಹಲ್ಲಾಗಳಲ್ಲಿ, ಹನಿ ಹಾಕಿದರೆ ಮುಂದೆ ಮಕ್ಕಳಾಗಲ್ಲ ಅಂತ ಬಾಗಿಲು ಹಾಕಿಕೊಂಡವರಿದ್ದರು. ಆ ಬಾಗಿಲು ತೆರೆಸಿದ್ದು ಬೈಗುಳ ಅಲ್ಲ. ಅದೇ ಮೊಹಲ್ಲಾದ ಹೆಂಗಸರು, ಮಸೀದಿಯ ಇಮಾಮರು ಮನೆಮನೆಗೆ ಹೇಳಿದರು. ಹನಿಯ ಜೊತೆಗೆ ಭೇದಿಯ ಔಷಧಿ, ಕೈತೊಳೆಯುವ ಪಾಠ, ನೈರ್ಮಲ್ಯದ ಕೆಲಸವೂ ಬಂತು. ಭಾರತದ ಕೊನೆಯ ಕೇಸು 2011ರ ಜನವರಿಯದು.

ಗಡಿಯ ತೋರ್ಖಂ, ಚಮನ್‌ಗಳಲ್ಲಿ ದಾಟುವ ಮಕ್ಕಳ ಬಾಯಿಗೆ ಹನಿ ಹಾಕುತ್ತಾರೆ. ಸರಿ, ಹಾಕಲೇಬೇಕು. ಆದರೂ 2024ರಲ್ಲಿ ಪಾಕಿಸ್ತಾನದ 74, ಆಫ್ಘಾನಿಸ್ತಾನದ 25 ಮಕ್ಕಳಿಗೆ ಪೋಲಿಯೋ ತಗುಲಿತು. ಖೈಬರ್ ಪಖ್ತೂನ್‌ಖ್ವಾದ ಕೆಲವು ಊರಿನವರು ರಸ್ತೆ ಕೊಡಿ, ಕರೆಂಟು ಕೊಡಿ, ಆಮೇಲೆ ಹನಿ ಅಂತ ಬಹಿಷ್ಕಾರ ಹಾಕಿದ್ದುಂಟು. ಮಕ್ಕಳನ್ನು ಅಡ್ಡ ಇಟ್ಟದ್ದು ತಪ್ಪು. ಕೇಳಿದ್ದು ತಪ್ಪಲ್ಲ.