ಚೀಲದ ಬೆಲೆ ಕೇಳಿದ್ದಾಯಿತು, ಇನ್ನು ಬಿಲ್ಲು ಕೇಳೋಣ

2021ರ ಸೆಪ್ಟೆಂಬರ್‌ನಲ್ಲಿ ಮೈಸೂರು ಜಿಲ್ಲೆಯ ಟೀ ಅಂಗಡಿಗಳಲ್ಲಿ ಒಂದೇ ಮಾತು: ಬಟ್ಟೆ ಚೀಲ. ಕೆ.ಆರ್. ನಗರದ ಅಂದಿನ ಶಾಸಕ ಸಾ.ರಾ. ಮಹೇಶ್ ಒಂದು ಲೆಕ್ಕ ಮುಂದಿಟ್ಟಿದ್ದರು. ಪ್ಲಾಸ್ಟಿಕ್ ಬಳಕೆ ತಗ್ಗಿಸಲೆಂದು ಜಿಲ್ಲಾಡಳಿತ 14,71,458 ಬಟ್ಟೆ ಚೀಲಗಳನ್ನು ಒಂದಕ್ಕೆ 52 ರೂಪಾಯಿಯಂತೆ ಖರೀದಿಸಿದೆ, ಪೇಟೆಯಲ್ಲಿ ಅಂಥ ಚೀಲ 10ರಿಂದ 13 ರೂಪಾಯಿಗೆ ಸಿಗುತ್ತದೆ ಎಂಬುದು ಅವರ ಆರೋಪ. ಒಟ್ಟು ಮೊತ್ತ ಸುಮಾರು 7.65 ಕೋಟಿ. ಅಷ್ಟರಲ್ಲಿ ವರ್ಗವಾಗಿ ಹೋಗಿದ್ದ ಜಿಲ್ಲಾಧಿಕಾರಿ ಆರೋಪವನ್ನು ತಳ್ಳಿಹಾಕಿದರು.

ಆಮೇಲೆ ಆದದ್ದು ನಿಮಗೂ ಗೊತ್ತು. ಕೆಲವರು ಶಾಸಕರ ಕಡೆ, ಕೆಲವರು ಅಧಿಕಾರಿಯ ಕಡೆ. ವಾಟ್ಸ್ಆ್ಯಪ್ ತುಂಬ ವಿಡಿಯೋ. ಯಾರು ಸರಿ, ಯಾರು ತಪ್ಪು ಎಂದು ತೀರ್ಪು ಕೊಡುವುದು ನಮ್ಮ ಕೆಲಸವಲ್ಲ. ಆದರೆ ಅಷ್ಟೆಲ್ಲ ಗದ್ದಲದ ನಡುವೆ ಚೀಲದ ಅಳತೆ ಎಷ್ಟು, ಬಟ್ಟೆ ಯಾವುದು, ಹೊಲಿದವರು ಯಾರು ಎಂದು ಕೇಳಿದವರು ತೀರಾ ಕಡಿಮೆ. 52 ಹೆಚ್ಚೋ ಕಡಿಮೆಯೋ ಎಂಬುದು ಆ ಉತ್ತರಗಳಿಲ್ಲದೆ ಗೊತ್ತಾಗುವುದಿಲ್ಲ. ತೆಳು ಬಟ್ಟೆಯ ಕೈಚೀಲಕ್ಕೂ ಐದು ಕೆ.ಜಿ. ಅಕ್ಕಿ ಹೊರುವ ಚೀಲಕ್ಕೂ ಬೆಲೆ ಒಂದೇ ಆಗುತ್ತದೆಯೇ?

ನಾವು ಹೇಳುವುದು ಇಷ್ಟೇ. ಸರ್ಕಾರಿ ಕಚೇರಿಯ ಖರ್ಚಿನ ಬಗ್ಗೆ ಸಿಟ್ಟಾಗುವುದು ಸುಲಭ. ಅರ್ಥ ಮಾಡಿಕೊಳ್ಳುವುದು ಸ್ವಲ್ಪ ಕಷ್ಟ, ಆದರೆ ನಮ್ಮ ಕೈಗೆಟುಕದಷ್ಟು ಕಷ್ಟವಲ್ಲ.

ಖರೀದಿ ಹೇಗೆ ನಡೆಯುತ್ತದೆ

ಕರ್ನಾಟಕದಲ್ಲಿ ಇದಕ್ಕೊಂದು ಕಾನೂನಿದೆ. ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ, 1999. ಕಚೇರಿಗಳಲ್ಲಿ ಇದನ್ನು ಕೆ.ಟಿ.ಪಿ.ಪಿ. ಎನ್ನುತ್ತಾರೆ. ಸರ್ಕಾರಿ ದುಡ್ಡಿನಲ್ಲಿ ಏನು ಕೊಂಡರೂ, ಏನು ಕಟ್ಟಿಸಿದರೂ ಟೆಂಡರ್ ಮೂಲಕವೇ ಆಗಬೇಕು ಎಂಬುದು ಅದರ ತಿರುಳು. ಈಗ ಟೆಂಡರ್‌ಗಳು ಆನ್‌ಲೈನ್‌ನಲ್ಲಿ, ಕೆ.ಪಿ.ಪಿ.ಪಿ. ಎಂಬ ಪೋರ್ಟಲ್‌ನಲ್ಲಿ ನಡೆಯುತ್ತವೆ. ಯಾವ ಕಚೇರಿ ಏನು ಕರೆದಿದೆ ಎಂದು ಮೊಬೈಲ್‌ನಲ್ಲೇ ನೋಡಬಹುದು.

ಒಂದು ಖರೀದಿಯ ಹಿಂದೆ ಕಾಗದಗಳ ಸಾಲೇ ಇರುತ್ತದೆ. ಇಂಥದ್ದು ಇಷ್ಟು ಬೇಕು ಎಂಬ ಬೇಡಿಕೆ. ಅಂದಾಜು ಪಟ್ಟಿ. ಮೇಲಿನವರ ಅನುಮೋದನೆ. ಟೆಂಡರ್ ಪ್ರಕಟಣೆ. ಬಂದ ದರಗಳನ್ನು ಪಕ್ಕಪಕ್ಕ ಇಟ್ಟು ಬರೆದ ತುಲನಾತ್ಮಕ ಪಟ್ಟಿ. ಸರಬರಾಜು ಆದೇಶ ಅಥವಾ ಕಾರ್ಯಾದೇಶ. ಸಾಮಾನು ಬಂದಾಗ ದಾಸ್ತಾನು ವಹಿಯಲ್ಲಿ ನಮೂದು. ಕಾಮಗಾರಿಯಾದರೆ ಇಂಜಿನಿಯರ್ ಬರೆಯುವ ಅಳತೆ ಪುಸ್ತಕ, ಅಂದರೆ ಎಂ.ಬಿ. ಕೊನೆಗೆ ಬಿಲ್ಲು. ಈ ಸಾಲಿನಲ್ಲಿ ಒಂದು ಕೊಂಡಿ ಕಾಣೆಯಾಗಿದ್ದರೆ ಅಲ್ಲಿಂದಲೇ ಪ್ರಶ್ನೆ ಶುರುವಾಗಬೇಕು.

ಟೆಂಡರ್ ಇಲ್ಲದ ದಾರಿ

ಕಾನೂನಿಗೆ ವಿನಾಯಿತಿಗಳೂ ಇವೆ. ಪ್ರಕೃತಿ ವಿಕೋಪದಂಥ ತುರ್ತು ಸಂದರ್ಭ, ಒಬ್ಬರೇ ಮಾರುವ ವಸ್ತು, ಸಣ್ಣ ಮೊತ್ತದ ಖರೀದಿ ಹೀಗೆ. ಇನ್ನೊಂದು 4(ಜಿ). ಸರ್ಕಾರ ಅಧಿಸೂಚನೆ ಹೊರಡಿಸಿದರೆ ನಿರ್ದಿಷ್ಟ ಖರೀದಿ ಅಥವಾ ಕಾಮಗಾರಿಗೆ ಟೆಂಡರ್ ಬೇಕಿಲ್ಲ. ನಮ್ಮೂರುಗಳಲ್ಲಿ ಇಂದಿಗೂ ‘ಲ್ಯಾಂಡ್ ಆರ್ಮಿ’ ಎಂದೇ ಕರೆಯುವ ಕೆ.ಆರ್.ಐ.ಡಿ.ಎಲ್.ಗೆ, ನಿರ್ಮಿತಿ ಕೇಂದ್ರಕ್ಕೆ ಕೆಲಸಗಳು ನೇರವಾಗಿ ಹೋಗುವುದು ಇಂಥ ವಿನಾಯಿತಿಯಲ್ಲೇ. ಚೀಲದ ಪ್ರಕರಣದಲ್ಲೂ ಆದೇಶ ಹೋದದ್ದು ಖಾಸಗಿ ಅಂಗಡಿಗಲ್ಲ, ಸರ್ಕಾರದ್ದೇ ಆದ ಕೈಮಗ್ಗ ಅಭಿವೃದ್ಧಿ ನಿಗಮಕ್ಕೆ.

ಸರ್ಕಾರಿ ಸಂಸ್ಥೆಯಿಂದ ಕೊಂಡರೆ ತಪ್ಪೇನು? ತಪ್ಪಿಲ್ಲ. ನೇಕಾರರ ಮಗ್ಗ ನಡೆಯಬೇಕಾದರೆ ಅಂಥ ಖರೀದಿ ಬೇಕೂ ಬೇಕು. ಆದರೆ ಮನೆಯ ಮದುವೆಯನ್ನು ನೆನೆಯಿರಿ. ಶಾಮಿಯಾನದ ಜವಾಬ್ದಾರಿಯನ್ನು ಭಾವಮೈದುನನಿಗೆ ಒಪ್ಪಿಸುತ್ತೀರಿ. ಅವನ ಹತ್ತಿರ ಶಾಮಿಯಾನವಿಲ್ಲ, ಪಕ್ಕದೂರಿನವನಿಂದ ತರಿಸುತ್ತಾನೆ. ಪಕ್ಕದೂರಿನವನಿಗೆ ಎಷ್ಟು ಕೊಟ್ಟ, ನಿಮ್ಮಿಂದ ಎಷ್ಟು ಪಡೆದ ಎಂದು ಕೇಳಲು ನಿಮಗೆ ಸಂಕೋಚ. ಸರ್ಕಾರಿ ಸಂಸ್ಥೆಗೆ ಕೊಟ್ಟ ಕೆಲಸದಲ್ಲೂ ಇದೇ ಪ್ರಶ್ನೆ: ಸಂಸ್ಥೆ ತಾನೇ ಮಾಡಿತೋ, ಬೇರೆಯವರಿಂದ ಮಾಡಿಸಿತೋ? ಮಾಡಿಸಿದ್ದರೆ ಯಾರಿಂದ, ಯಾವ ದರಕ್ಕೆ? ಬಿಲ್ಲಿನ ಮೇಲೆ ನಿಗಮದ ಹೆಸರಿದ್ದ ಮಾತ್ರಕ್ಕೆ ಸರಬರಾಜುದಾರ ಯಾರೆಂದು ಗೊತ್ತಾದಂತಾಗಲಿಲ್ಲ.

ಇಲ್ಲಿ ನಮ್ಮ ಪಾಲೂ ಇದೆ. ಎಚ್.ಡಿ. ಕೋಟೆಯಲ್ಲಿ, ತಿ. ನರಸೀಪುರದಲ್ಲಿ, ಹುಣಸೂರಿನಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡ ಸ್ತ್ರೀಶಕ್ತಿ ಸಂಘದ ಹೆಣ್ಣುಮಕ್ಕಳು ಎಷ್ಟೋ ಜನ. ಹದಿನಾಲ್ಕು ಲಕ್ಷ ಚೀಲದ ಆದೇಶದಲ್ಲಿ ಒಂದಿಷ್ಟು ಅವರ ಕೈಗೆ ಬರಬಾರದೇಕೆ ಎಂದು ಕೇಳಬೇಕಾದರೂ ಆದೇಶ ಯಾರಿಗೆ ಹೋಗುತ್ತದೆ ಎಂದು ಮೊದಲು ಗೊತ್ತಾಗಬೇಕು. ಕಾಮಗಾರಿ ಗುತ್ತಿಗೆಯಲ್ಲಿ ಪರಿಶಿಷ್ಟ ಜಾತಿಗೆ ಶೇ. 17.15, ಪಂಗಡಕ್ಕೆ ಶೇ. 6.95 ಮೀಸಲಾತಿ ಇದೆ. 50 ಲಕ್ಷದವರೆಗಿದ್ದ ಆ ಮಿತಿಯನ್ನು 2023ರಲ್ಲಿ ಒಂದು ಕೋಟಿಗೆ ಏರಿಸಿದರು. ಆ ಕೆಲಸಗಳು ನಿಜವಾಗಿ ಯಾರ ಕೈಯಲ್ಲಿವೆ ಎಂದು ತಿಳಿಯಲೂ ಗುತ್ತಿಗೆದಾರರ ಪಟ್ಟಿಯೇ ಬೇಕು.

ಕೇಳುವುದು ಹೇಗೆ

ಮಾಹಿತಿ ಹಕ್ಕು ಕಾಯ್ದೆ 2005ರಿಂದ ಇದೆ. ಶುಲ್ಕ ಹತ್ತು ರೂಪಾಯಿ. ಉತ್ತರಕ್ಕೆ 30 ದಿನ. ನಮ್ಮ ರಾಜ್ಯದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದದೊಳಗೆ. ‘ಐದು ವರ್ಷದ ಎಲ್ಲ ಖರ್ಚಿನ ವಿವರ ಕೊಡಿ’ ಎಂದು ಬರೆದರೆ ಸಿಗುವುದು ನುಣುಚಿಕೊಳ್ಳುವ ಉತ್ತರವೇ. ಹೀಗೆ ಬರೆಯಿರಿ:

‘ಇಂಥ ಆರ್ಥಿಕ ವರ್ಷದಲ್ಲಿ ತಮ್ಮ ಕಚೇರಿ ಖರೀದಿಸಿದ ಇಂಥ ವಸ್ತುವಿಗೆ ಸಂಬಂಧಿಸಿದ ತುಲನಾತ್ಮಕ ಪಟ್ಟಿ, ಸರಬರಾಜು ಆದೇಶ, ದಾಸ್ತಾನು ವಹಿಯ ಪುಟ, ಪಾವತಿಸಿದ ಬಿಲ್ಲು, ಟೆಂಡರ್ ಕರೆಯದಿದ್ದಲ್ಲಿ ವಿನಾಯಿತಿ ಆದೇಶ, ಇವುಗಳ ದೃಢೀಕೃತ ಪ್ರತಿ ಕೊಡಿ.’

ಕಡತವನ್ನು ಕುಳಿತು ನೋಡುವ ಹಕ್ಕೂ ಇದೆ. ಅದಕ್ಕಿಂತ ದೊಡ್ಡದು, ಕಾಮಗಾರಿಯನ್ನು ಪರಿಶೀಲಿಸುವ, ಸಾಮಗ್ರಿಯ ದೃಢೀಕೃತ ಮಾದರಿ ಪಡೆಯುವ ಹಕ್ಕು. ಚೀಲ ತೆಳುವೋ ದಪ್ಪವೋ ಎಂಬ ಜಗಳಕ್ಕೆ ಇದಕ್ಕಿಂತ ಒಳ್ಳೆಯ ಉತ್ತರವಿಲ್ಲ. ಉತ್ತರ ಬರದಿದ್ದರೆ 30 ದಿನದೊಳಗೆ ಅದೇ ಇಲಾಖೆಯ ಮೇಲಧಿಕಾರಿಗೆ ಮೊದಲ ಮೇಲ್ಮನವಿ, ಆಮೇಲೆ 90 ದಿನದೊಳಗೆ ಮಾಹಿತಿ ಆಯೋಗಕ್ಕೆ.

ಕಾಗದ ಕೈಗೆ ಬಂದ ಮೇಲೆ ಏನು ನೋಡಬೇಕು? ವರ್ಷವರ್ಷವೂ ಒಬ್ಬರದೇ ಹೆಸರಿದೆಯೇ? ಪೈಪೋಟಿಗೆ ಬಂದ ಇಬ್ಬರ ವಿಳಾಸವೂ ಒಂದೇ ಆಗಿದೆಯೇ? ಒಂದೇ ಕೆಲಸವನ್ನು ಟೆಂಡರ್ ಮಿತಿಗೆ ಸ್ವಲ್ಪ ಕೆಳಗೆ ಇರುವಂತೆ ತುಂಡು ಗುತ್ತಿಗೆ ಮಾಡಿದ್ದಾರೆಯೇ? ಆದೇಶದ ದಿನಾಂಕಕ್ಕಿಂತ ಮೊದಲೇ ಸಾಮಾನು ಬಂದಿದೆಯೇ? ಮಾರ್ಚ್ ಕೊನೆಯ ವಾರದಲ್ಲೇ ಬಿಲ್ಲುಗಳ ರಾಶಿ ಬಿದ್ದಿದೆಯೇ? ಇವು ಸಾಕ್ಷಿಯಲ್ಲ, ಪ್ರಶ್ನೆ ಕೇಳಲು ಕಾರಣ. ಸಣ್ಣ ಪಟ್ಟಣದಲ್ಲಿ ಒಬ್ಬರೇ ಸರಬರಾಜುದಾರರು ಇರುವುದೂ ಉಂಟು. ಎಲ್ಲರಿಗಿಂತ ಕಡಿಮೆ ದರ ಕೂಗಿದವರು ಕೊಟ್ಟ ಚೀಲದ ಹೊಲಿಗೆ ವಾರದಲ್ಲಿ ಬಿಚ್ಚಿಕೊಳ್ಳುವುದೂ ಉಂಟು.

ಅಧಿಕಾರಿಗಳ ಮಾತೂ ಕೇಳೋಣ

ಮಾಹಿತಿ ಹಕ್ಕಿನ ಹೆಸರಲ್ಲಿ ಗುತ್ತಿಗೆದಾರರಿಂದ ವಸೂಲಿ ಮಾಡುವವರಿದ್ದಾರೆ ಎಂದು ಅಧಿಕಾರಿಗಳು ದೂರುತ್ತಾರೆ. ಇದು ಸುಳ್ಳಲ್ಲ. ತಾಲ್ಲೂಕು ಕೇಂದ್ರಗಳಲ್ಲಿ ಅಂಥವರನ್ನು ನೀವೂ ಕಂಡಿರುತ್ತೀರಿ. ಆದರೆ ಅವರ ವ್ಯಾಪಾರ ನಡೆಯುವುದು ಕಾಗದ ಬೀರುವಿನಲ್ಲಿ ಇರುವವರೆಗೆ ಮಾತ್ರ. ಎಲ್ಲರ ಕಣ್ಣಿಗೂ ಬೀಳುವ ಬಿಲ್ಲನ್ನು ತೋರಿಸಿ ಯಾರನ್ನು ಹೆದರಿಸಲು ಸಾಧ್ಯ? ಪ್ರಾಮಾಣಿಕ ಗುತ್ತಿಗೆದಾರನಿಗೂ ಇದರಿಂದ ಅನುಕೂಲ. 2021ರಲ್ಲಿ ರಾಜ್ಯ ಗುತ್ತಿಗೆದಾರರ ಸಂಘದ ಅಧ್ಯಕ್ಷ ಡಿ. ಕೆಂಪಣ್ಣ ಅವರು ಕಮಿಷನ್ ಕಾಟದ ಬಗ್ಗೆ ಪ್ರಧಾನಿಗೇ ಪತ್ರ ಬರೆಯಬೇಕಾಯಿತು ಎಂಬುದನ್ನು ಮರೆಯಬಾರದು. ಕತ್ತಲಲ್ಲಿ ಬಿಲ್ಲು ಪಾಸಾಗುವಾಗ ನೋಯುವವರಲ್ಲಿ ಅವರೂ ಇದ್ದಾರೆ.

ಹಾಗಾಗಿ ನಮ್ಮ ಬೇಡಿಕೆ ಸರಳ. ಮೈಸೂರಿನ ಜಿಲ್ಲಾಧಿಕಾರಿ ಕಚೇರಿ, ಜಿಲ್ಲಾ ಪಂಚಾಯಿತಿ, ಮಹಾನಗರ ಪಾಲಿಕೆ ಪ್ರತಿ ತಿಂಗಳು ಒಂದು ಪಟ್ಟಿ ಹಾಕಲಿ. ಕನ್ನಡದಲ್ಲಿ, ಆರೇ ಕಲಂ: ವಸ್ತು ಅಥವಾ ಕೆಲಸ, ಎಷ್ಟು, ದರ, ಸರಬರಾಜುದಾರರ ಹೆಸರು, ಟೆಂಡರ್ ಸಂಖ್ಯೆ ಅಥವಾ ವಿನಾಯಿತಿಯ ಕಾರಣ, ಒಳಗುತ್ತಿಗೆ ಇದ್ದರೆ ಅವರ ಹೆಸರು. ಕೇಳುವ ಮೊದಲೇ ತಾವಾಗಿ ಪ್ರಕಟಿಸಿ ಎಂದು ಮಾಹಿತಿ ಹಕ್ಕು ಕಾಯ್ದೆಯ 4ನೇ ಸೆಕ್ಷನ್ ಹೇಳುತ್ತದೆ. ದಸರಾ ಮುಗಿದ ಮೇಲೆ ಉಸ್ತುವಾರಿ ಸಚಿವರು ಖರ್ಚಿನ ಲೆಕ್ಕ ಕೊಟ್ಟದ್ದಿದೆ. ಅದು ಒಳ್ಳೆಯದೇ. ಆದರೆ ದೀಪಾಲಂಕಾರಕ್ಕೆ ಇಷ್ಟು, ವೇದಿಕೆಗೆ ಇಷ್ಟು ಎಂಬ ಒಟ್ಟು ಮೊತ್ತ ಸಾಲದು. ಯಾರಿಗೆ ಎಷ್ಟು ಎಂಬುದೂ ಬೇಕು.

ಮೈಸೂರು ದೂರ ಎನಿಸಿದರೆ ಊರಿನಿಂದಲೇ ಶುರು ಮಾಡಿ. ವರ್ಷಕ್ಕೊಮ್ಮೆ ನಿಮ್ಮ ಗ್ರಾಮ ಪಂಚಾಯಿತಿಯಲ್ಲಿ ಜಮಾಬಂದಿ ನಡೆಯುತ್ತದೆ. ಅಂದು ಲೆಕ್ಕದ ವಹಿಗಳನ್ನು ಜನರ ಮುಂದೆ ಇಡಲೇಬೇಕು. ಸಹಿ ಹಾಕಿ ಬಿಸ್ಕತ್ತು ತಿಂದು ಬರಬೇಡಿ. ಬೀದಿ ದೀಪದ ಬಲ್ಬು ಯಾವ ಅಂಗಡಿಯಿಂದ ಬಂತು, ಒಂದಕ್ಕೆ ಎಷ್ಟು ಕೊಟ್ಟಿರಿ ಎಂದು ಕೇಳಿ. ಉತ್ತರವನ್ನು ಬರೆದುಕೊಳ್ಳಿ. ಮುಂದಿನ ವರ್ಷ ಅದೇ ಪ್ರಶ್ನೆಯನ್ನು ಮತ್ತೆ ಕೇಳಿ.